ಕುಂತರೆ ನಿಲ್ಲುವ ಗಡಿಯಾರ

ಚನ್ನಕ್ಕನ ಸುದ್ದಿ ಹೇಳಲು ಹೊರಟರೆ ಅವಳ ಎಡಗಾಲಿನ ಹುಣ್ಣಿನಿಂದಲೇ ಶುರು ಮಾಡಬೇಕು. ಹೆಂಗಸೊಬ್ಬಳ ಬದುಕನ್ನು ಹುಣ್ಣಿನಿಂದ ಶುರು ಮಾಡುವುದೇ ಎಂದು ಮೂಗು ಮುರಿಯುವವರು ಮುರಿಯಲಿ. ಮೂವತ್ತೆಂಟು ವರ್ಷ ನಿಂತೇ ಸಂಸಾರ ಮಾಡಿದವಳಿಗೆ ಹರಡಿನ ಮೇಲೆ ಎಂಟಾಣೆ ಅಗಲದ ಹುಣ್ಣಾಗಿ, ಎರಡು ವರ್ಷವಾದರೂ ಮಾಯದೆ ಜಿನುಗುತ್ತಿತ್ತು. ಹೆಸರಘಟ್ಟ ರಸ್ತೆಯ ಕ್ಲಿನಿಕ್ಕಿನ ಡಾಕ್ಟರಮ್ಮ ನೋಡಿ, "ಮುಲಾಮು ಬರ್ಕೊಡ್ತೀನಿ, ಆದ್ರೆ ನಿಜವಾದ ಔಷಧಿ ಅದಲ್ಲ ಕಣಮ್ಮ. ದಿನಾ ಮಧ್ಯಾಹ್ನ ಎರಡು ಗಂಟೆ ಕೂತ್ಕೊಂಡು ಕಾಲು ಮೇಲಕ್ಕೆ ಇಟ್ಕೋಬೇಕು. ಇಲ್ಲಾಂದ್ರೆ ಇದು ವಾಸಿಯಾಗಲ್ಲ, ಮುಂದೆ ಮೂಳೆಗೆ ಇಳಿಯುತ್ತೆ" ಎಂದಿದ್ದಳು. ಎರಡು ತಾಸು ಕೂರುವುದು. ಚನ್ನಕ್ಕನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಅಷ್ಟೇ. ಅದೇ ಸಿಗಲಿಲ್ಲ. ಯಾಕೆಂದರೆ ಮನೆಯಲ್ಲಿ ಒಂದು ಗಡಿಯಾರವಿತ್ತು.

ಗಡಿಯಾರ ಅವಳ ಗಂಡ ಗುರುಪಾದಪ್ಪನದು. ಬಡಗಣ ಜೋಳದ ಸೀಮೆಯ ಇಂಡಿ ಎಂಬ ಊರಿನ ಕಡೆಯಿಂದ ಇಪ್ಪತ್ತೆರಡರ ವಯಸ್ಸಿನಲ್ಲಿ ಬಂದು ಯಶವಂತಪುರದ ಆಚೆ ಒಂದು ಬೋಲ್ಟು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೂತ ಮನುಷ್ಯ, ಏಳುವಾಗ ಅವನಿಗೆ ಅರವತ್ತು. ಕೆಲಸಗಾರರ ಹಾಜರಿ ಬರೆಯುವುದು ಅವನ ಕೆಲಸ. ಒಂದು ನಿಮಿಷ ತಡವಾಗಿ ಬಂದವನಿಗೆ ಅರ್ಧ ದಿನ ಕಟ್. ಹೆಂಡತಿಗೆ ಹೆರಿಗೆ ಅಂದವನಿಗೂ ಕಟ್, ರೈಲ್ವೆ ಗೇಟು ಹಾಕಿತ್ತು ಅಂದವನಿಗೂ ಕಟ್. ಯಾರಾದರೂ ಗೋಗರೆದರೆ ಗೋಡೆಯತ್ತ ಕೈ ತೋರಿಸಿ, "ಗಡಿಯಾರ ಸುಳ್ಳ ಹೇಳೂದಿಲ್ಲಪಾ" ಅನ್ನುತ್ತಿದ್ದ. ಆ ಗೋಡೆ ಗಡಿಯಾರವನ್ನು ತಾನೇ ಮೂರು ನಿಮಿಷ ಮುಂದಕ್ಕೆ ತಿರುಗಿಸಿಟ್ಟಿದ್ದ ಮಹಾನುಭಾವ! ಇದನ್ನು ಮನೆಗೆ ಬಂದು ಚನ್ನಕ್ಕನ ಮುಂದೆ ಹೇಳಿಕೊಂಡು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವಳು ನಗದಿದ್ದರೆ ಊಟ ಬಿಟ್ಟು ಏಳುತ್ತಿದ್ದ.

ಅಂಥವನಿಗೆ ನಿವೃತ್ತಿಯ ದಿನ ಕೆಲಸಗಾರರು ಸೇರಿ ಒಂದು ಆಟೋಮ್ಯಾಟಿಕ್ ವಾಚು ಕೊಟ್ಟರು. ಸ್ಟೀಲಿನ ಚೈನು, ಬಿಳಿ ಮುಖ. ಲೇತ್ ವಿಭಾಗದ ಬಸವಕಿರಣ ಎಂಬವನು ಅದನ್ನು ಕೈಗೆ ಕಟ್ಟಿ ಮೈಕು ಹಿಡಿದ. "ಸಾರ್, ಇದಕ್ಕೆ ಸೆಲ್ ಇಲ್ಲ, ಚಾವಿನೂ ಇಲ್ಲ. ಕಟ್ಕೊಂಡೋರು ಕೈ ಆಡಿಸ್ತಿದ್ರೆ ಓಡುತ್ತೆ, ಕೂತ್ರೆ ನಿಲ್ಲುತ್ತೆ. ಮೂವತ್ತೆಂಟು ವರ್ಷ ನಮ್ಮನ್ನ ಓಡಿಸಿದ್ರಿ. ಇನ್ನು ನೀವು ಓಡಿ!" ಇಡೀ ಶೆಡ್ಡು ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಶಿಳ್ಳೆಯೂ ಬಿತ್ತು. ಗುರುಪಾದಪ್ಪ ಅದನ್ನು ಅಭಿಮಾನ ಎಂದುಕೊಂಡ. ಹೆಂಗಸರ ಸಾಲಿನಲ್ಲಿ ಒಂಟಿಯಾಗಿ ನಿಂತಿದ್ದ ಚನ್ನಕ್ಕನಿಗೆ ಮಾತ್ರ ಅದು ಏನೆಂದು ಗೊತ್ತಾಗಿ, ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು.

ಸೋಲದೇವನಹಳ್ಳಿಯ ಸ್ವಂತ ಮನೆಯಲ್ಲಿ ಗುರುಪಾದಪ್ಪ ಟೀವಿ ಮುಂದಿನ ಕುರ್ಚಿ ಹಿಡಿದ. ನಾಲ್ಕೇ ದಿನಕ್ಕೆ ವಾಚು ನಿಂತಿತು. ಕೊಟ್ಟವರು ಕಳಪೆ ಮಾಲು ಕೊಟ್ಟರೆಂದು ಬೈದುಕೊಳ್ಳುತ್ತ ಯಶವಂತಪುರಕ್ಕೆ ಹೋಗಿ, ಮೊಹಮ್ಮದ್ ಎಂಬ ರಿಪೇರಿಯವನ ಮುಂದೆ ಇಟ್ಟ. ಅವನು ಹಿಂಬದಿ ಬಿಚ್ಚಿ, ಭೂತಗನ್ನಡಿಯಲ್ಲಿ ನೋಡಿ, ಮತ್ತೆ ಮುಚ್ಚಿ, "ವಾಚ್ ಫಸ್ಟ್ ಕ್ಲಾಸ್ ಆಗಿದೆ ಸಾರ್. ನಿಂತಿರೋದು ನೀವು" ಎಂದ. ಪಕ್ಕದ ಗುಂಡಿಯ ತಲೆಯನ್ನು ಎಳೆದರೆ ಮುಳ್ಳು ನಿಲ್ಲುತ್ತದೆ, ಟೈಮು ಸರಿಮಾಡಿ ಒತ್ತಿದರೆ ಓಡುತ್ತದೆ, ಅದರಿಂದ ಚಾವಿ ಕೊಡಲು ಬರುವುದಿಲ್ಲ, ಕೈಯೇ ಆಡಬೇಕು ಎಂದೂ ತಿಳಿಸಿ ಹೇಳಿದ.

ನಡೆಯಲು ಮನಸ್ಸಿಲ್ಲ, ವಾಚು ನಿಲ್ಲುವುದನ್ನು ನೋಡಲೂ ಮನಸ್ಸಿಲ್ಲ. ಅದು ನಿಂತಾಗ ಅವನ ಮುಖ ಸಾವಿನ ಮನೆಯ ಮುಖದಂತಾಗುತ್ತಿತ್ತು. ಎರಡು ದಿನ ಯೋಚನೆ ಮಾಡಿ ಮೂರನೆಯ ದಿನ ಅಡುಗೆಮನೆಗೆ ಬಂದ. ಚನ್ನಕ್ಕ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ಕೈ ಚಾಚು. ಎಡಗೈ ಅಲ್ಲ, ಬಲಗೈ. ದುಡಿಯೂ ಕೈ ಅದು."

ಅವಳು ಹಿಟ್ಟಿನ ಕೈಯನ್ನೇ ಚಾಚಿದಳು. ಮದುವೆಯಾದ ಮೇಲೆ ಗಂಡ ಅವಳ ಕೈಗೆ ಏನಾದರೂ ಕಟ್ಟಿದ್ದು ಅದೇ ಮೊದಲು. ಪಾಪ, ಅರೆಕ್ಷಣ ಅವಳ ಕಣ್ಣು ತುಂಬಿದ್ದೂ ನಿಜ. "ಹಗಲೆಲ್ಲಾ ನಿನ್ನ ಕೈಯಾಗ ಇರಲಿ, ಸಂಜಿಗೆ ನನಗ ಕೊಡು" ಎಂದು ಅವನು ಟೀವಿಯತ್ತ ನಡೆದ.

ಮೊದಮೊದಲು ಅದು ಬರೀ ಗಡಿಯಾರ ಓಡಿಸುವ ಕೆಲಸವಾಗಿತ್ತು. ರೊಟ್ಟಿ ಬಡಿಯುವ ಕೈಗಿಂತ ಚೆನ್ನಾಗಿ ಅದನ್ನು ಓಡಿಸುವುದು ಇನ್ನೊಂದಿಲ್ಲ. ಹತ್ತು ರೊಟ್ಟಿ, ನೆಲ ಒರೆಸುವುದು, ಬಟ್ಟೆ ಹಿಂಡುವುದು ಆದರೆ ರಾತ್ರಿಯಿಡೀ ದೇವರ ಗೂಡಿನಲ್ಲಿ ಮಲಗಿದ್ದರೂ ಬೆಳಿಗ್ಗೆ ಟಿಕ್ ಟಿಕ್ ಅನ್ನುತ್ತಿತ್ತು. ಒಂದು ಬೆಳಿಗ್ಗೆ ಅನ್ನಲಿಲ್ಲ. ಹಿಂದಿನ ದಿನ ಕಾಲು ಬಾತು, ಚನ್ನಕ್ಕ ಮಧ್ಯಾಹ್ನ ಕಾಲು ಚಾಚಿ ಕೂತಿದ್ದಳು. ಗುರುಪಾದಪ್ಪ ವಾಚನ್ನು ಕಿವಿಗೆ ಹಿಡಿದ, ಮುಳ್ಳು ನೋಡಿದ, ಕಣ್ಣು ಅರಳಿತು.

"ಐದಕ್ಕ ನಿಂತೈತಿ. ಏಳರತನಕ ಓಡಬೇಕಾಗಿತ್ತು. ಅಂದ್ರ ನೀ ನಿನ್ನೆ ಎರಡು ತಾಸ ಕುಂತಿ. ಹೌದಿಲ್ಲೋ?"

ಎಂಥ ಲೆಕ್ಕವಪ್ಪಾ ಇದು! ಯಾವ ವಾಚಿನವನನ್ನು ಕೇಳಿದರೂ ನಕ್ಕುಬಿಡುತ್ತಿದ್ದ. ಆದರೆ ಗ್ರಹಚಾರಕ್ಕೆ ಅವಳು ಕೂತಿದ್ದೂ ಎರಡೇ ತಾಸು. "ಹೌದ್ರೀ. ಕಾಲು ಭಾಳ ನೋಯಾಕತ್ತಿತ್ತು, ಡಾಕ್ಟರ್ ಹೇಳ್ಯಾರ…" ಎಂದಳು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಟೈಮ್ ಆಫೀಸು ಮತ್ತೆ ತೆರೆಯಿತು. ಮೂರು ಪಾಳಿಗೆ ನಾನೂರು ಜನ ಇದ್ದ ಜಾಗದಲ್ಲಿ ಈಗ ಒಬ್ಬಳೇ.

ಅಂದಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ಗೂಡಿನ ಮುಂದೆ ವಿಚಾರಣೆ. ವಾಚು ಓಡುತ್ತಿದ್ದರೆ ಮಾತಿಲ್ಲ. ನಿಂತಿದ್ದರೆ ಲೆಕ್ಕ ಹಾಕಿ, ಎಷ್ಟು ತಾಸು ಕೂತಳೋ ಅಷ್ಟು ತಾಸು ಅವಳು ಅವನ ಕುರ್ಚಿಯ ಪಕ್ಕ ನಿಂತುಕೊಳ್ಳಬೇಕು. ಬೈಗುಳವಿಲ್ಲ, ಹೊಡೆತವಿಲ್ಲ. ಅವನು ಟೀವಿ ನೋಡುತ್ತಾನೆ, ಅವಳು ನಿಲ್ಲುತ್ತಾಳೆ. ಹುಣ್ಣಿನ ನೀರು ಹಿಮ್ಮಡಿಗೆ ಇಳಿದು ನೆಲಕ್ಕೆ ಅಂಟುತ್ತಿತ್ತು. "ನೆಲ ಹೊಲಸಾತು, ಒರಸು" ಅನ್ನುತ್ತಿದ್ದ.

ಮಗಳು ಅಕ್ಷಯಾಳಿಗೆ ಹೇಳಬಹುದಿತ್ತು. ಅವಳಿಗೆ ಹೆಬ್ಬಾಳದ ಒಂದು ಆಫೀಸಿನಲ್ಲಿ ಕೆಲಸ, ಹುಣಸಮಾರನಹಳ್ಳಿಯಲ್ಲಿ ಸಂಸಾರ, ಭಾನುವಾರ ಬರುತ್ತಿದ್ದಳು. ಅಮ್ಮನ ಕೈಯಲ್ಲಿ ಅಪ್ಪನ ವಾಚು ನೋಡಿ, "ವ್ಹಾ, ಅಪ್ಪ ಈಗ ರೊಮ್ಯಾಂಟಿಕ್ ಆಗ್ಬಿಟ್ಟಿದ್ದಾರೆ!" ಎಂದು ನಕ್ಕಳು. ಅಷ್ಟಾದ ಮೇಲೆ ಹೇಳಲು ಚನ್ನಕ್ಕನಿಗೆ ಬಾಯಿ ಬರಲಿಲ್ಲ.

ಹೇಳಿದ್ದು ಎದುರುಮನೆಯ ಮುನಿನಾರಾಯಣಮ್ಮನಿಗೆ. ಎರಡು ಹಸು ಸಾಕಿಕೊಂಡು, ಲೇಔಟಿನ ನಡುವೆ ಉಳಿದ ತನ್ನ ಹಳೆಯ ಕೊಟ್ಟಿಗೆಯನ್ನು ಯಾರಿಗೂ ಮಾರದೆ ಗಟ್ಟಿಯಾಗಿ ಕೂತಿದ್ದ ಹೆಂಗಸು. ಹಾಲು ತರಲು ಹೋದ ಚನ್ನಕ್ಕ ಅಲ್ಲೇ ಅತ್ತುಬಿಟ್ಟಳು. ಮುನಿನಾರಾಯಣಮ್ಮ ಎಲ್ಲ ಕೇಳಿ, "ಅಯ್ಯೋ ನಿನ್ ಮನೆ ಕಾಯ್ವಾಗ, ಇಂಗೂ ಉಂಟಾ! ಕೊಡಿತ್ಲಾಗೆ ಅದ್ನ" ಎಂದು ವಾಚು ಬಿಚ್ಚಿಸಿಕೊಂಡು, ಗೌರಿ ಎಂಬ ಹಸುವಿನ ಕೊರಳ ಹಗ್ಗಕ್ಕೆ ಕಟ್ಟಿದಳು. "ಇವ್ಳು ನೊಣ ಓಡುಸ್ಕೊಂಡು ದಿನಾ ಪೂರಾ ತಲೆ ಆಡುಸ್ತಾನೇ ಇರ್ತಾಳೆ. ನೀನು ಕುಂತ್ಕೊ ಇಲ್ಲಿ, ಕಾಲ್ ಮೇಲಿಕ್ಕು."

ಗುರುಪಾದಪ್ಪ ಊಟ ಮಾಡಿ ಎರಡರಿಂದ ನಾಲ್ಕರವರೆಗೆ ಗೊರಕೆ ಹೊಡೆಯುವ ಹೊತ್ತಿನಲ್ಲಿ ಚನ್ನಕ್ಕ ರಸ್ತೆ ದಾಟಿ ಕೊಟ್ಟಿಗೆಯ ಜಗಲಿ ಸೇರುತ್ತಿದ್ದಳು. ಮುರಿದ ಸ್ಟೂಲಿನ ಮೇಲೆ ಕಾಲು. ಸಗಣಿಯ ವಾಸನೆ, ಗೌರಿಯ ಕೊರಳಲ್ಲಿ ಟಿಕ್ ಟಿಕ್. ಹತ್ತು ದಿನಕ್ಕೆ ಹುಣ್ಣಿನ ಅಂಚು ಒಣಗಿತು. ಇಪ್ಪತ್ತನೆಯ ದಿನ ನಡುವೆ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಕಾಣಿಸಿತು. ಅದನ್ನು ನೋಡಿ ನೋಡಿ ಅವಳಿಗೆ ತೃಪ್ತಿಯೇ ಆಗಲಿಲ್ಲ, ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಮನೆಯಲ್ಲಿ ವಾಚು ಒಂದು ದಿನವೂ ನಿಲ್ಲಲಿಲ್ಲ. "ಈಗ ನೋಡು, ಹೆಂಗ ದುಡಿಯಾಕತ್ತಿ!" ಎಂದು ಗುರುಪಾದಪ್ಪ ಹೊಗಳಿದ. ಗಂಡನ ಬಾಯಿಂದ ಜನ್ಮದಲ್ಲಿ ಬಂದ ಒಂದೇ ಹೊಗಳಿಕೆ, ಅದೂ ಹಸುವಿನ ಪಾಲಿನದು.

ಇಪ್ಪತ್ತೆರಡನೆಯ ದಿನ ಗೌರಿ ಗೂಟ ಕಿತ್ತುಕೊಂಡಿತು. ಜಗಲಿಯಲ್ಲಿ ಇಬ್ಬರೂ ಹೆಂಗಸರಿಗೆ ಜೊಂಪು. ಹಸು ನಿಧಾನವಾಗಿ ರಸ್ತೆ ದಾಟಿ, ಗುರುಪಾದಪ್ಪನ ಕಾಂಪೌಂಡಿನ ಮೇಲೆ ಬಾಗಿದ್ದ ದಾಸವಾಳಕ್ಕೆ ಬಾಯಿ ಹಾಕಿತು. ಸಪ್ಪಳಕ್ಕೆ ಎಚ್ಚರವಾಗಿ, ಹಚಾ ಹಚಾ ಎನ್ನುತ್ತ ಕೋಲು ಹಿಡಿದು ಬಂದ ಗುರುಪಾದಪ್ಪನ ಮುಖಕ್ಕೆ ಬಿಸಿಲು ಫಳಕ್ಕನೆ ಹೊಡೆಯಿತು. ನೋಡುತ್ತಾನೆ, ತನ್ನ ವಾಚು! ಬಿಳಿ ಮುಖ, ಸ್ಟೀಲಿನ ಚೈನು, ಎರಡು ಗಂಟೆ ಐವತ್ತು ನಿಮಿಷ, ಸರಿಯಾದ ಟೈಮು ಬೇರೆ.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಗಾಬರಿಯಿಂದ ಓಡಿ ಬಂದ ಚನ್ನಕ್ಕನನ್ನು ಗೇಟಿನಲ್ಲಿ ನಿಲ್ಲಿಸಿ, ಮೆತ್ತಗೆ ಕೇಳಿದ.

"ಟೈಮ್ ಎಷ್ಟಾತು?"

ಅವಳು ಬರಿಗೈ ನೋಡಿಕೊಂಡಳು.

"ಕೈಯಾಗಿಲ್ಲೇನು? ಹಂಗಾರ ಗೌರಿನ್ನ ಕೇಳು. ಎಷ್ಟು ದಿನದ್ದು ಇದು ಕಳ್ಳ ಹಾಜರಿ?"

ಚನ್ನಕ್ಕ ಸುಳ್ಳು ಹೇಳಬಹುದಿತ್ತು. ಇವತ್ತೊಂದೇ ದಿನ ಅನ್ನಬಹುದಿತ್ತು. ಮೂವತ್ತೆಂಟು ವರ್ಷದ ಭಯ ಅವಳ ಬಾಯಿಂದ ನಿಜವನ್ನೇ ಹೊರಡಿಸಿತು. "ಇಪ್ಪತ್ತೆರಡು ದಿನ್ರೀ."

"ದಿನಕ್ಕ ಎರಡು ತಾಸ. ನಲವತ್ನಾಲ್ಕು ತಾಸ ಆತು. ನಿಂತು ತೀರಸು."

ನಿಂತು ತೀರಿಸಿದಳು. ದಿನಕ್ಕೆ ನಾಲ್ಕು ತಾಸಿನಂತೆ ಹನ್ನೊಂದು ದಿನ. ನಾಲ್ಕನೆಯ ದಿನಕ್ಕೆ ಆ ಗುಲಾಬಿ ಚರ್ಮ ಒಡೆಯಿತು. ಹನ್ನೊಂದನೆಯ ದಿನ ಹುಣ್ಣು ಮೊದಲಿಗಿಂತ ಅಗಲವಾಗಿತ್ತು. ರಸ್ತೆ ದಾಟುವುದು ಬಂದ್ ಆಯಿತು, ಹಾಲು ಪ್ಯಾಕೆಟ್ಟಿಗೆ ಬಂತು. ವಾಚಿನ ಚೈನಿನ ಕೊಂಡಿಯ ಮೇಲೆ ಅವನು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಿಳಿ ಪ್ಲಾಸ್ಟರ್ ತುಂಡು ಅಂಟಿಸಿ, ಅದರ ಮೇಲೆ 'ಗು.ಪಾ.' ಎಂದು ಪೆನ್ನಿನಲ್ಲಿ ರುಜು ಹಾಕುತ್ತಿದ್ದ. ಕಾರ್ಖಾನೆಯ ಉಗ್ರಾಣಕ್ಕೆ ಸೀಲು ಹಾಕುತ್ತಿದ್ದದ್ದು ಹಾಗೆಯೇ. ಸಂಜೆ ಆರಕ್ಕೆ ಸೀಲು ಪರೀಕ್ಷೆ. ಆಮೇಲೆ ಬಿಡುಗಡೆ. ಪ್ಲಾಸ್ಟರ್ ಕೂಡ ಅವಳ ಕಾಲಿಗೆಂದು ತಂದಿದ್ದ ಡಬ್ಬಿಯದೇ.

ಹೀಗೆ ಎಂಟು ತಿಂಗಳು. ಅಷ್ಟರಲ್ಲಿ ಚನ್ನಕ್ಕನಿಗೆ ಅವನ ಮೇಲೆ ಸಿಟ್ಟು ಹೋಗಿ ಅದಕ್ಕಿಂತ ತಣ್ಣಗಿನದು ಏನೋ ಬಂದು ಕೂತಿತ್ತು.

ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳ ಕೈ ಹಿಡಿದು ರುಜು ಹಾಕುತ್ತಿದ್ದವನ ಪೆನ್ನು 'ಗು' ಬರೆದು ಅಲ್ಲಿಗೇ ಜಾರಿತು. ಬಾಯಿ ಒಂದು ಕಡೆ ಸೊಟ್ಟಗಾಯಿತು. ಅವಳನ್ನೇ ಆತುಕೊಂಡು ಬಿದ್ದ. ಚನ್ನಕ್ಕ ಕಿರುಚಿದಳು, ಮುನಿನಾರಾಯಣಮ್ಮ ಓಡಿ ಬಂದು ಆಟೋ ತರಿಸಿದಳು. ತಡ ಮಾಡಿದಳೆಂದು ಚನ್ನಕ್ಕನ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅವಳ ಗಮನಕ್ಕೆ ಬಂದಿದ್ದು ಕೈಯ ಅರ್ಧ ಸೀಲು. ಅದನ್ನು ಉಗುರಿನಿಂದ ಕೆರೆದು ಕಿತ್ತಳು.

ಹದಿನಾರು ದಿನದ ಮೇಲೆ ಗುರುಪಾದಪ್ಪ ಮನೆಗೆ ಬಂದ. ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತು ಹೋಗಿ ಬರೀ 'ಬ್ಬ ಬ್ಬ' ಉಳಿದಿತ್ತು. ಬುದ್ಧಿ ಮಾತ್ರ ನೆಟ್ಟಗಿತ್ತು, ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಹಾಸಿಗೆ ಹಿಡಿದವನ ಚಾಕರಿ ಅಂದರೆ ಸುಮ್ಮನೆಯೇ? ಒರೆಸಬೇಕು, ಹೊರಳಿಸಬೇಕು, ಉಣ್ಣಿಸಬೇಕು. ಚನ್ನಕ್ಕನ ಕೆಲಸ ಮೊದಲಿಗಿಂತ ಹೆಚ್ಚೇ ಆಯಿತು. ಆದರೆ ಕೆಲಸ ಮುಗಿಸಿ ಕೂತರೆ ಎಷ್ಟು ಹೊತ್ತು ಕೂತೆ ಎಂದು ಕೇಳುವವರಿರಲಿಲ್ಲ. ಅವನ ಟೀವಿ ಕುರ್ಚಿಯಲ್ಲೇ ಕೂತು, ಮುನಿನಾರಾಯಣಮ್ಮ ಕಳಿಸಿಕೊಟ್ಟ ಮುರಿದ ಸ್ಟೂಲಿನ ಮೇಲೆ ಕಾಲಿಟ್ಟಳು. ತಿಂಗಳೊಳಗೆ ಹುಣ್ಣು ಮತ್ತೆ ಗುಲಾಬಿಗೆ ತಿರುಗಿತು. ಹಾಸಿಗೆಯಿಂದ ಗುರುಪಾದಪ್ಪ ಅದನ್ನೇ ನೋಡುತ್ತಿದ್ದ.

ವ್ಯಾಯಾಮ ಮಾಡಿಸಲು ಜೀಷಾನ್ ಎಂಬ ಫಿಸಿಯೋಥೆರಪಿ ಹುಡುಗನನ್ನು ಅಕ್ಷಯಾ ಗೊತ್ತು ಮಾಡಿದ್ದಳು. ಒಳ್ಳೆಯವನು, ಬೈಕಿನಲ್ಲಿ ದಿನ ಬಿಟ್ಟು ದಿನ ಬರುತ್ತಿದ್ದ. ಒಂದು ದಿನ ಚನ್ನಕ್ಕನ ಕೈಯಲ್ಲಿ ವಾಚು ನೋಡಿದ. ಅಭ್ಯಾಸಬಲ, ಅವಳು ಅದನ್ನು ಇನ್ನೂ ಕಟ್ಟಿಕೊಳ್ಳುತ್ತಿದ್ದಳು. ಅದು ಆಟೋಮ್ಯಾಟಿಕ್ ಎಂದು ತಿಳಿದದ್ದೇ ಅವನ ಮುಖ ಅರಳಿತು. "ಸೂಪರ್ ಅಮ್ಮಾ! ಇದನ್ನ ಅಂಕಲ್ ಬಲಗೈಗೆ ಕಟ್ಟಿ. ಕೈ ಸ್ವಲ್ಪ ಅಲ್ಲಾಡಿದ್ರೂ ಓಡುತ್ತೆ, ಅವರಿಗೂ ಹುರುಪು ಬರುತ್ತೆ. ಮೊದಲ ಮೂರು ತಿಂಗಳು ತುಂಬಾ ಮುಖ್ಯ. ಮನಸ್ಸಿಟ್ಟು ಆಡಿಸಿದ್ರೆ ಕೈ ವಾಪಸ್ ಬರುತ್ತೆ, ಆಮೇಲೆ ಕಾಲೂ ಬರುತ್ತೆ. ಕೈಬಿಟ್ರೆ ಹೀಗೇ ಉಳಿದ್ಬಿಡುತ್ತೆ, ನೋಡಿ."

ಗುರುಪಾದಪ್ಪ 'ಬ್ಬ' ಎಂದು ತಲೆಯಾಡಿಸಿದ. ಅವನ ಕಣ್ಣಲ್ಲಿ ಆಸೆ ಹೊಳೆಯಿತು. ಚನ್ನಕ್ಕ ಆ ಕಣ್ಣನ್ನು ನೋಡಿದಳು. ಇವನ ಕೈ ಎದ್ದರೆ ಕಾಲು ಏಳುತ್ತದೆ, ಕಾಲು ಎದ್ದರೆ ಇವನು ಏಳುತ್ತಾನೆ, ಇವನು ಎದ್ದರೆ ತಾನೂ ಈ ಕುರ್ಚಿಯಿಂದ ಏಳಬೇಕು. ಅಷ್ಟು ಮಾತ್ರ ಅವಳಿಗೆ ಹೊಳೆಯಿತು, ಬೇರೇನೂ ಇಲ್ಲ.

ವಾಚು ಬಿಚ್ಚಿ ಗೂಡಿನಲ್ಲಿಟ್ಟಳು, ಮೂರು ದಿನಕ್ಕೆ ಅದು ತಾನಾಗಿ ನಿಂತಿತು. ನಾಲ್ಕನೆಯ ಬೆಳಿಗ್ಗೆ ಮೈ ಒರೆಸಿ, ಅಂಗಿ ಬದಲಿಸಿ, ಮುಳ್ಳನ್ನು ಒಂಬತ್ತಕ್ಕೆ ಇಟ್ಟು ಆ ಸತ್ತ ಕೈಗೆ ಕಟ್ಟಿದಳು. ಕೊಂಡಿಯ ಮೇಲೆ ಪ್ಲಾಸ್ಟರ್ ಅಂಟಿಸಿದಳು. ಪೆನ್ನು ತಂದು ಅದರ ಮೇಲೆ 'ಚ' ಎಂದು ಬರೆದಳು. ಗುರುಪಾದಪ್ಪನ ಮುಖ ಬಿಳಿಚಿತು. ಕಟ್ಟಿದ ಅಲುಗಾಟಕ್ಕೆ ವಾಚು ಎರಡು ನಿಮಿಷ ಓಡಿ ನಿಂತಿತು. ಸಂಜೆ ಆರಕ್ಕೆ ಅವಳು ಬಾಗಿ ನೋಡಿದಳು.

"ಒಂಬತ್ತೂ ಎರಡು. ದಿನಾ ಪೂರಾ ಸುಮ್ನ ಬಿದ್ದಿದ್ರಿ. ಹೌದಿಲ್ಲೋ?"

ಮರುದಿನವೂ ಒಂಬತ್ತೂ ಎರಡು. ವಾರವಿಡೀ ಒಂಬತ್ತೂ ಎರಡು. ಜೀಷಾನ್ ಬಂದು ಕೈ ಆಡಿಸುವಷ್ಟು ಹೊತ್ತು ಮಾತ್ರ ವಾಚು ಬಿಚ್ಚಿಟ್ಟಿರುತ್ತಿದ್ದಳು. ಹಗಲೆಲ್ಲ ಅವನು ಹಲ್ಲು ಕಚ್ಚಿಕೊಂಡು ಆ ಕೈಯನ್ನೇ ದಿಟ್ಟಿಸುತ್ತಿದ್ದ, ಹಣೆಯಿಂದ ಬೆವರು ಇಳಿಯುತ್ತಿತ್ತು. ಅವಳು ಕುರ್ಚಿಯಲ್ಲಿ ಕೂತು ಟೀವಿ ನೋಡುತ್ತಿದ್ದಳು. ಸಂಜೆಯ ಪರೀಕ್ಷೆ ಅವಳಿಗೆ ರುಚಿ ಹತ್ತಿತ್ತು, ಸುಳ್ಳೇಕೆ. ಆರು ಹೊಡೆಯುವುದನ್ನೇ ಕಾಯುತ್ತಿದ್ದಳು.

ಹತ್ತೊಂಬತ್ತನೆಯ ಸಂಜೆ ಅವಳು ಬಾಗಿದಾಗ ಗಡಿಯಾರ ಒಂಬತ್ತು ನಲವತ್ತು ತೋರಿಸುತ್ತಿತ್ತು. ಸೆಕೆಂಡಿನ ಮುಳ್ಳು ಇನ್ನೂ ಓಡುತ್ತಿತ್ತು. ಅವನ ಬಲಗೈಯ ಹೆಬ್ಬೆರಳೂ ಮಣಿಕಟ್ಟೂ ತುಸು ತುಸುವೇ ಅತ್ತಿತ್ತ ಹೊರಳುತ್ತಿದ್ದವು. ಗುರುಪಾದಪ್ಪ ಅಳುತ್ತಿದ್ದ. ಎಡಗೈಯಿಂದ ವಾಚು ತೋರಿಸಿ 'ಬ್ಬ! ಬ್ಬ!' ಎನ್ನುತ್ತಿದ್ದ. ಶಾಲೆಯಲ್ಲಿ ಪಾಸಾದ ಮಗುವಿನ ಮುಖ. ಎಲ್ಲಿಯೂ ದ್ವೇಷವಿಲ್ಲ, ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳಿಂದ ಒಂದು ಹೊಗಳಿಕೆ ಬೇಡುತ್ತಿದ್ದ.

ಚನ್ನಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ಸೀಲು ಕಿತ್ತು, ವಾಚು ಬಿಚ್ಚಿ, ಪಕ್ಕದ ತಲೆಯನ್ನು ಎಳೆದಳು. ಮುಳ್ಳು ನಿಂತಿತು. ಅವನ ಕಣ್ಣ ಮುಂದೆಯೇ ಅದನ್ನು ಹಿಂದಕ್ಕೆ ತಿರುಗಿಸಿ ಒಂಬತ್ತೂ ಎರಡಕ್ಕೆ ತಂದಳು.

"ಎಲ್ಲಿ ಓಡೇತ್ರಿ? ನಿನ್ನೆ ಎಲ್ಲಿತ್ತೋ ಅಲ್ಲೇ ಐತಿ" ಎಂದಳು. "ಗಡಿಯಾರ ಸುಳ್ಳ ಹೇಳೂದಿಲ್ಲ."

ಮರುದಿನ ಬೆಳಿಗ್ಗೆ ವಾಚು ಕಟ್ಟುವಾಗ ಅದರ ತಲೆಯನ್ನು ಒಳಗೆ ಒತ್ತಲಿಲ್ಲ. ಎಳೆದಂತೆಯೇ ಬಿಟ್ಟು, ಅದರ ಮೇಲೂ ಒಂದು ಸುತ್ತು ಪ್ಲಾಸ್ಟರ್ ಸುತ್ತಿ 'ಚ' ಬರೆದಳು. ಇನ್ನು ಅವನು ಕೈಯನ್ನು ಆಕಾಶಕ್ಕೆ ಬೀಸಿದರೂ ಅದು ಓಡುವಂತಿರಲಿಲ್ಲ.

ಹನ್ನೊಂದರ ಹೊತ್ತಿಗೆ ಜೀಷಾನ್ ಬಂದ. ಗುರುಪಾದಪ್ಪ ಅವನನ್ನು ಕಂಡದ್ದೇ ಎಡಗೈ ಎತ್ತಿ ಪ್ಲಾಸ್ಟರನ್ನು ತಟ್ಟತೊಡಗಿದ. ವಾಚಿನ ತಲೆಯ ಜಾಗವನ್ನು ಉಗುರಿನಿಂದ ಕೆರೆದ. ಬಾಯಿಂದ ಜೊಲ್ಲು ಸುರಿಯುವಂತೆ 'ಬ್ಬ, ಬ್ಬ, ಬ್ಬ' ಎಂದ. ಆ ಉದ್ವೇಗಕ್ಕೆ ಬಲಗೈ ಮಾತ್ರ ಮರಗಟ್ಟಿ, ಹೆಬ್ಬೆರಳೂ ಅಲುಗಲಿಲ್ಲ. ಹುಡುಗ ಅವನ ಎದೆ ಸವರಿ ಸಮಾಧಾನ ಮಾಡಿದ.

"ಅಂಕಲ್ ಟೈಮ್ ಕೇಳ್ತಿದ್ದಾರೆ ಅನ್ಸುತ್ತೆ. ಹನ್ನೊಂದೂ ಕಾಲು ಅಂಕಲ್, ಹನ್ನೊಂದೂ ಕಾಲು." ಆಮೇಲೆ ಚನ್ನಕ್ಕನ ಕಡೆ ತಿರುಗಿ ದನಿ ತಗ್ಗಿಸಿದ. "ವಾಚು ಒಂದು ದಿನಾನಾದ್ರೂ ಓಡ್ತಾ ಅಮ್ಮಾ?"

"ಇಲ್ಲಪಾ."

"ಇಷ್ಟು ದಿನಕ್ಕೆ ಬರ್ಬೇಕಿತ್ತು. ಇನ್ನು ಜಾಸ್ತಿ ಆಸೆ ಇಟ್ಕೋಬೇಡಿ. ನಾನು ವಾರಕ್ಕೊಂದ್ಸಲ ಬರ್ತೀನಿ, ಸಾಕು." ಹೊರಡುವಾಗ ಅವನ ಕಣ್ಣು ಸ್ಟೂಲಿನ ಮೇಲಿದ್ದ ಅವಳ ಕಾಲಿನ ಮೇಲೆ ಬಿತ್ತು. "ನಿಮ್ ಕಾಲು ಮಾತ್ರ ಎಷ್ಟು ಚೆನ್ನಾಗಿ ವಾಸಿಯಾಗಿದೆ ನೋಡಿ! ಏನ್ ಹಚ್ಚಿದ್ರಿ?"

"ಏನೂ ಹಚ್ಚಿಲ್ಲಪಾ" ಎಂದಳು ಚನ್ನಕ್ಕ. "ಸುಮ್ನ ಕುಂತೆ."